ಎದೆಮಟ್ಟದ ಹೊಸ್ತಿಲು

ನಮ್ಮೂರಲ್ಲಿ ಹೊಸ್ತಿಲು ಬೆಳೆಯುತ್ತದೆ. ಮನೆಯವರು ಯಾರಿಗಾದರೂ ಕೇಡು ಮಾಡಿದರೆ ಒಂದು ಬೆರಳು, ನಾಲ್ಕು ಬೆರಳು, ಕೇಡು ದೊಡ್ಡದಾದರೆ ಒಂದು ಗೇಣು ಮೇಲೇಳುತ್ತದೆ. ನೊಂದವರು ಬಂದು ಹೊಸ್ತಿಲು ದಾಟಿ ಒಳಗೆ ನಿಂತು 'ಆತು, ಮುಗೀತು' ಅಂದರೆ ಇಳಿಯುತ್ತದೆ. ಹೊಟ್ಟೆಯಲ್ಲಿ ಇಟ್ಟುಕೊಂಡು ಬಾಯಲ್ಲಷ್ಟೇ ಅಂದರೆ ಇಳಿಯುವುದಿಲ್ಲ. ನನ್ನ ಹೆಸರು ಮಾನಪ್ಪ, ಬಡಿಗತನ ನನ್ನ ಕಸುಬು. ಬೇರೆ ಊರಿನ ಬಡಿಗರು ಮಂಚ, ತೊಟ್ಟಿಲು ಮಾಡಿ ಬದುಕಿದರೆ ನಮ್ಮ ಮನೆತನ ಬಾಗಿಲಿನ ಕೆಳಗೇ ಬದುಕಿತು. ಹೊಸ್ತಿಲು ಎದ್ದಾಗ ಬಾಗಿಲಿನ ತಳ ಕೊಯ್ಯಬೇಕು, ಇಳಿದಾಗ ಹಲಗೆ ಕೂಡಿಸಬೇಕು. ಹಾಗಾಗಿ ನಮ್ಮೂರಲ್ಲಿ ತೇಪೆಯಿಲ್ಲದ ಬಾಗಿಲೇ ಇಲ್ಲ. ದೊಡ್ಡ ಮನೆಯ ತೇಗದ ಬಾಗಿಲಿಗೂ ತಳದಲ್ಲಿ ಒಂದು ಬೇವಿನ ಪಟ್ಟಿ ಇದ್ದೇ ಇರುತ್ತದೆ.

ಕೂಡುಮನೆಗಳಲ್ಲಿ ಬೆಳಿಗ್ಗೆ ರಂಗೋಲಿ ಹಾಕಲು ಹೋದ ಸೊಸೆ "ಅತ್ತೀ, ಎರಡು ಬೆರಳು ಎದ್ದೈತ್ರಿ" ಅಂದಳೆಂದರೆ ಎಲ್ಲರೂ ಎಲ್ಲರ ಮುಖ ನೋಡುತ್ತಾರೆ. ಹೆಣ್ಣು ನೋಡಲು ಬಂದವರು ಹೆಣ್ಣಿಗಿಂತ ಮೊದಲು ಹೊಸ್ತಿಲು ನೋಡುತ್ತಾರೆ. ಆದರೆ ಯಾವ ಮನೆಯ ಹೊಸ್ತಿಲು ಯಾಕೆ ಎದ್ದಿತು ಎಂದು ಬಾಯಿಬಿಟ್ಟು ಕೇಳುವುದು ನಮ್ಮಲ್ಲಿ ಮರ್ಯಾದೆಯಲ್ಲ. ನಾನೂ ಅಳತೆ ತೆಗೆದುಕೊಂಡು ಸುಮ್ಮನೆ ಬರುತ್ತೇನೆ.

ಊರಿನಲ್ಲೆಲ್ಲ ಎತ್ತರದ ಹೊಸ್ತಿಲು ಸೂಲಗಿತ್ತಿ ಫಕೀರವ್ವನದು. ಎದೆಮಟ್ಟ ಇತ್ತು. ಬಾಗಿಲು ಎನ್ನುವುದು ಕಿಟಕಿಯಷ್ಟೇ ಉಳಿದಿತ್ತು. ಹೊರಗೊಂದು ಏಣಿ, ಒಳಗೊಂದು ಏಣಿ, ಎರಡನ್ನೂ ಮೊದಲು ನನ್ನ ಅಪ್ಪ ಮಾಡಿಕೊಟ್ಟಿದ್ದ, ಆಮೇಲೆ ನಾನು. ಹೆರಿಗೆಗೆ ಕರೆಯಲು ಹೋದವರಿಗೆ ಮೊದಲು ಕಾಣುವುದು ಅವಳ ಬಿಳಿ ತಲೆ, ಆಮೇಲೆ ಕೈಯಲ್ಲಿನ ಬಟ್ಟೆಗಂಟು. ಬೈಗುಳ ಮಾತ್ರ ಇವೆರಡಕ್ಕಿಂತ ಮುಂಚೆಯೇ ಕೇಳಿಸುತ್ತಿತ್ತು. "ನೋವು ಸುರು ಆದ ಮ್ಯಾಲೆ ಬರ್ತೀರಲ್ಲೋ, ಮೊದಲ ಬರಾಕ ಏನ ಧಾಡಿ ನಿಮಗ?" ಎನ್ನುತ್ತಲೇ ಏಣಿ ಇಳಿದು ನಮಗಿಂತ ಮುಂದೆ ನಡೆಯುತ್ತಿದ್ದಳು. ನನ್ನನ್ನು ಭೂಮಿಗೆ ತಂದವಳು ಅವಳು, ನನ್ನ ಮೂರು ಮಕ್ಕಳನ್ನು ತಂದವಳೂ ಅವಳೇ. ನಲವತ್ತು ವರ್ಷದ ಹಿಂದೆ ಅವಳ ಗಂಡ ಊರುಬಿಟ್ಟು ಹೋದ ವಾರದಲ್ಲಿ ಆ ಹೊಸ್ತಿಲು ಎದ್ದಿತ್ತಂತೆ. ಗಂಡನನ್ನು ಏನೋ ಅಂದು ಓಡಿಸಿದ್ದಾಳೆ ಎಂದು ಊರು ತಿಳಿದುಕೊಂಡಿತು. ಮಕ್ಕಳಿಲ್ಲದ ಒಂಟಿ ಹೆಂಗಸು, ಎಲ್ಲರಿಗೂ ಬೇಕಾದವಳು. ಯಾರೂ ಕೇಳಲಿಲ್ಲ.

ನನ್ನ ಹೆಂಡತಿ ತುಂಗವ್ವನಿಗಂತೂ ಅವಳೆಂದರೆ ಪ್ರಾಣ. ತುಂಗವ್ವ ಬೆಳೆದದ್ದು ಕುಂಬಾರರ ಮನೆಯಲ್ಲಿ. ಹೆತ್ತವ್ವ ಯಾರೋ ಪರಊರಿನ ಕೂಲಿ ಹೆಂಗಸು, ಹೆತ್ತು ತೀರಿಹೋಗಿದ್ದಳು. ನಸುಕಿನಲ್ಲಿ ಮಡಕೆ ಸುಡುವ ಆವಿಗೆಯ ಬೂದಿ ತೆಗೆಯಲು ಹೋದ ಕುಂಬಾರರಿಗೆ ಕೂಸು ಸಿಕ್ಕಿತ್ತು. ತುಂಗವ್ವನ ಬಾಣಂತನಗಳಲ್ಲಿ ಫಕೀರವ್ವ ಅವಳಿಗೆ ಅಂಟಿನ ಉಂಡೆ ಕಟ್ಟಿಕೊಟ್ಟಳು, ಎಣ್ಣೆ ಹಚ್ಚಿ ಎರೆದಳು. ವಾರಕ್ಕೊಮ್ಮೆ ತುಂಗವ್ವ ಏಣಿ ಹತ್ತಿ ಹೋಗಿ ಅವಳ ತಲೆ ಬಾಚಿ ಬರುತ್ತಿದ್ದಳು.

ಇಂಥ ಊರಿಗೆ ಉಪದೇಶಿ ಹನೋಕಪ್ಪ ತನ್ನ ಹೆಂಡತಿ ಎಸ್ತೇರವ್ವನ ಜೊತೆ ಬಂದ. ಟಪಾಲು ಕಚೇರಿಯ ಮಗ್ಗುಲಲ್ಲಿ ಬಾಡಿಗೆಗೆ ಮನೆ ಹಿಡಿದು, ಸಂತೆಯ ದಿನ ಬೇವಿನ ಗಿಡದ ಕೆಳಗೆ ನಿಂತು ಮಾತಾಡಿದ. ಎತ್ತರದ ಆಳು, ತೆಳ್ಳಗಿನ ದನಿ.

"ನಾವೆಲ್ಲಾರೂ ತಪ್ಪು ಮಾಡಿದವ್ರ. ನಾನೂ ಮಾಡೀನಿ. ನಮ್ಮ ತಪ್ಪೆಲ್ಲಾ ತನ್ನ ಮ್ಯಾಲೆ ಹೊತಗೊಂಡು ಯೇಸುಸ್ವಾಮಿ ಶಿಲುಬಿ ಮ್ಯಾಲೆ ಸತ್ತ. ಮೂರನೇ ದಿನ ಎದ್ದು ಬಂದ. ಆತಗ ನಮ್ಮ ಮ್ಯಾಲೆ ಅಷ್ಟು ಪ್ರೀತಿ. ಆತನ್ನ ನಂಬಿದವರಿಗೆ ಕ್ಷಮಾ ಐತಿ. ದುಡದು ಗಳಿಸೂದಲ್ಲ ಅದು, ಪುಕ್ಕಟ ಕೊಡ್ತಾನ."

ಬೇರೆ ಊರುಗಳಲ್ಲಿ ಜನ ಇದನ್ನು ಕೇಳಿ ಹೂಂಗುಟ್ಟಿ ಹೋಗುತ್ತಿದ್ದರೇನೋ. ನಮ್ಮೂರಲ್ಲಿ ಅರ್ಧ ಸಂತೆ ಮನೆಗೆ ಓಡಿತು. ಬದನೆಕಾಯಿ ಮಾರುವವಳು ಬುಟ್ಟಿಯನ್ನು ಅಲ್ಲೇ ಬಿಟ್ಟು ಓಡಿದಳು. ಹನೋಕಪ್ಪ ಬೆಪ್ಪಾಗಿ ನಿಂತ. ಎಣ್ಣೆ ಗಾಣದ ಗುರುಸಿದ್ದಪ್ಪ ನನ್ನನ್ನು ಕರೆಸಿ ತನ್ನ ಹೊಸ್ತಿಲು ಅಳೆಸಿದ. ಬಾಗಿಲ ಚೌಕಟ್ಟಿನ ಮೇಲೆ ಹಳೆಯ ಪೆನ್ಸಿಲ್ ಗೆರೆ ಇತ್ತು. ಎಳೆಯಷ್ಟೂ ಇಳಿದಿರಲಿಲ್ಲ. "ಈ ಸುದ್ದಿ ನಮ್ಮೂರಿಗೆ ಹೊಂದಾಂಗಿಲ್ಲ ಬಿಡೋ" ಎಂದು ಅವನು ಬೇಸರದಿಂದ ಗಾಣಕ್ಕೆ ಹೋದ. ಚಹಾದಂಗಡಿಯ ಯಂಕಣ್ಣ, "ಪುಕ್ಕಟ ಅಂದ್ರ ನಾಳಿ ಮಾಡೂ ತಪ್ಪಿಗೂ ಇವತ್ತ ಕ್ಷಮಾ ಸಿಗತದೇನ್ರಿ?" ಎಂದು ಕೇಳಿ ನಾಲ್ಕು ಜನರನ್ನು ನಗಿಸಿದ. ಹಾಲಿನ ಕಾಶವ್ವನಿಗೆ ಸಿಟ್ಟೇ ಬಂತು. "ನನ್ನ ಮಗಳ ಲಗ್ನ ಮುರಿದಾಕಿನ್ನ ಆತ ಯಾಕ ಕ್ಷಮಿಸಬೇಕು? ನನ್ನ ಕೇಳ್ಯಾನೇನು?" ಎಂದಳು. ಹಳೆಯ ನೇಕಾರ ಹುಚ್ಚೀರಪ್ಪ ಮಾತ್ರ ಎಲ್ಲಿಗೂ ಓಡದೆ ಕಣ್ಣೊರೆಸಿಕೊಳ್ಳುತ್ತಾ ಕೂತಿದ್ದ. ಯಾಕೆಂದು ಕೇಳಿದರೆ, "ನನಗ ಎಂಬತ್ತು ವರ್ಷ. ನಿನ್ನ ಮ್ಯಾಲೆ ಪ್ರೀತಿ ಐತಿ ಅಂತ ಹಿಂಗ ನಾಕ ಮಂದಿ ಮುಂದ ಯಾರೂ ಹೇಳಿದ್ದಿಲ್ಲೋ ತಮ್ಮಾ" ಎಂದ. ಮುಂದಿನ ಭಾನುವಾರದಿಂದ ಅವನು, ಇನ್ನೂ ಐದಾರು ಜನ ಹನೋಕಪ್ಪನ ಪಡಸಾಲೆಯಲ್ಲಿ ಕೂತು ಹಾಡತೊಡಗಿದರು.

ಎರಡನೆಯ ವಾರಕ್ಕೆ ಉಪದೇಶಿಯ ಹೊಸ್ತಿಲೇ ಎರಡು ಬೆರಳು ಎದ್ದಿತು. ಓಣಿಯೆಲ್ಲ ಬಂದು ನೋಡಿತು. ನಾನೂ ಗರಗಸ ಹಿಡಿದು ಹೋದೆ. ಬಾಗಿಲು ಕೊಯ್ಯಲು ಹೇಳುತ್ತಾನೇನೋ ಎಂದುಕೊಂಡರೆ, ಹನೋಕಪ್ಪ ಚಪ್ಪಲಿ ಮೆಟ್ಟಿ ನೇರ ಕಾಶವ್ವನ ಮನೆಗೆ ನಡೆದ. ನಾವೆಲ್ಲ ಹಿಂದೆ. ಬೀದಿಯಲ್ಲೇ ಅವಳೆದುರು ನಿಂತು ಕೈಮುಗಿದ.

"ಕಾಶವ್ವಾರ, ನಿನ್ನೆ ಹಾಲಿಗೆ ನೀರು ಬೆರಸೀರಿ ಅಂದೆ. ಬೆರಸಿದ್ದಿಲ್ಲ. ನಾನ ತಂಬಿಗಿ ತೊಳದ ನೀರು ಚೆಲ್ಲದ ಇಟ್ಟಿದ್ದೆ. ನಾಕ ಮಂದಿ ಮುಂದ ನಿಮ್ಮ ಮಾನ ಕಳದೆ. ತಪ್ಪಾತ್ರಿ."

ಯಂಕಣ್ಣ ಹಿಂದಿನಿಂದ ಕೂಗಿದ: "ಉಪದೇಶಿಯವ್ರ, ನಿಮ್ಮ ಸ್ವಾಮಿ ಕ್ಷಮಿಸ್ಯಾನಲ್ರಿ? ಮತ್ತ ಇಲ್ಲಿ ಯಾಕ ಕೈಮುಗೀತೀರಿ?"

ಹನೋಕಪ್ಪನ ಕಿವಿ ಕೆಂಪಾದವು. "ಆತ ಕ್ಷಮಿಸ್ಯಾನ ಅಂತನ ಇವರ ಮುಂದ ಬರೂ ಧೈರ್ಯ ಬಂತಪಾ. ಇಲ್ಲಂದ್ರ ನಾ ಬರ್ತಿದ್ದಿಲ್ಲ. ಬಾಗಿಲು ಕೊಯ್ಸಿ ಸುಮ್ನಿರ್ತಿದ್ದೆ."

ಕಾಶವ್ವ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅವನ ಮನೆಗೆ ಬಂದು ಹೊಸ್ತಿಲು ದಾಟಿ, "ಆತು, ಮುಗೀತು. ಹಾಲು ಮಾತ್ರ ಬ್ಯಾರೆ ಕಡಿಂದ ತರಬ್ಯಾಡ್ರಿ" ಎಂದಳು. ಹೊಸ್ತಿಲು ಇಳಿಯಿತು. ಊರಿಗೆ ಇದು ಉಪದೇಶಕ್ಕಿಂತ ಹೆಚ್ಚು ನಾಟಿತು. ಆ ತಿಂಗಳು ನಾನು ಬಾಗಿಲು ಕೊಯ್ದದ್ದಕ್ಕಿಂತ ಹಲಗೆ ಕೂಡಿಸಿದ್ದೇ ಹೆಚ್ಚು. ಹನೋಕಪ್ಪನ ಭಾನುವಾರದ ಸಭೆಗೆ ಹೋಗದವರೂ ಕೂಡ ಒಬ್ಬರ ಮನೆಗೊಬ್ಬರು ಹೋಗತೊಡಗಿದ್ದರು.

ಮಾಘದ ಮೊದಲಲ್ಲಿ ಫಕೀರವ್ವ ಏಣಿಯಿಂದ ಬಿದ್ದಳು. ಮೆಟ್ಟಿಲು ಮುರಿದಿರಲಿಲ್ಲ, ನಾನು ಮೂರು ಸಲ ನೋಡಿದೆ. ಕಾಲೇ ಜಾರಿತ್ತು. ಮೊಣಕಾಲ ಕೆಳಗೆ ಎಲುಬು ಮುರಿದು, ಬಿದಿರಿನ ದಬ್ಬೆ ಕಟ್ಟಿ ಮಲಗಿಸಿದರು. ಎಪ್ಪತ್ತೈದು ದಾಟಿದ ಜೀವ, ಇನ್ನು ಆ ಹೊಸ್ತಿಲು ದಾಟಿ ಹೊರಗೆ ಬರುವುದು ಸುಳ್ಳು ಎಂದು ಎಲ್ಲರಿಗೂ ಗೊತ್ತಾಯಿತು. ಬೆಳಿಗ್ಗೆ ಎಸ್ತೇರವ್ವ ಗಂಜಿ ತರುತ್ತಿದ್ದಳು, ಸಂಜೆ ತುಂಗವ್ವ. ಗೋಡೆಗೆ ಹಿಡಿದು ಏಳಲು ಒಂದು ಕಟ್ಟಿಗೆಯ ಹಿಡಿಕೆ ಕೂಡಿಸಲು ನಾನು ಹೋದ ದಿನ ಎಸ್ತೇರವ್ವ ಅಲ್ಲೇ ಇದ್ದಳು. ಅವಳು ಗಂಡನಂತಲ್ಲ, ಕೇಳಿದರೆ ಮಾತ್ರ ಮಾತಾಡುವವಳು.

"ಎಲ್ಲಾ ಕ್ಷಮಾ ಅಂತೀಯಲ್ಲ ಹುಡುಗಿ" ಎಂದಳು ಫಕೀರವ್ವ. "ನಾ ಒಬ್ಬಾಕಿಗೆ ಕೇಡು ಮಾಡಿದ್ರ ನಿಮ್ಮ ಸ್ವಾಮಿ ಯಾರ್ನ ಕೇಳಿ ಕ್ಷಮಿಸ್ತಾನ? ಅಕಿ ಸತ್ತ ಹೋಗ್ಯಾಳ. ಅಕಿ ಏನೂ ಅಲ್ಲೇನು ಹಂಗಾದ್ರ?"

ಎಸ್ತೇರವ್ವ ಗಂಜಿ ಕಲಕಿದಳು. "ನನಗ ಉತ್ತರ ಬರಾಂಗಿಲ್ಲ ಆಯಿ. ಇವರ್ನ ಕೇಳಿ ಹೇಳ್ತೀನಿ."

"ಗಂಡನ್ನ ಕೇಳಬ್ಯಾಡ. ಅಂವ ಉದ್ದ ಹೇಳ್ತಾನ." ಮುದುಕಿ ಗೋಡೆಯ ಕಡೆ ತಿರುಗಿದಳು. ಸ್ವಲ್ಪ ಹೊತ್ತಿನ ಮೇಲೆ, ಮಾತು ಬದಲಿಸಲೆಂದೋ ಏನೋ, ತನ್ನ ಕಸುಬಿನ ಪ್ರಶ್ನೆ ಕೇಳಿದಳು. "ನಿಮ್ಮ ಸ್ವಾಮಿ ಹುಟ್ಟಿದ್ದ ಎಲ್ಲಿ? ಹೆರಿಗಿ ಹೆಂಗಾತು?"

ಎಸ್ತೇರವ್ವನ ಮುಖ ಅರಳಿತು. ಇದು ಅವಳಿಗೆ ಗೊತ್ತಿದ್ದ ಕಥೆ. "ಅವರವ್ವ ಮರಿಯಳಿಗೆ ದಿನ ತುಂಬಿದ್ವು ಆಯಿ. ಅಂಥಾದ್ರಾಗ ಪರಊರಿಗೆ ಹೋಗೂದು ಬಂತು. ಅಲ್ಲಿ ನೋವು ಸುರು ಆತು. ಛತ್ರದಾಗ ಜಾಗಾ ಇಲ್ಲ ಅಂದ್ರು. ಯಾರೂ ಒಳಗ ಕರೀಲಿಲ್ಲ. ಕಡೀಕ ದನ ಕಟ್ಟೂ ಕಡೆ ಹೆತ್ತಳು. ಕೂಸಿನ್ನ ಗೋದಲಿಯಾಗ ಮಲಗಿಸಿದಳು."

ನಾನು ಮೊಳೆ ಹೊಡೆಯುವುದನ್ನು ನಿಲ್ಲಿಸಿದೆ. ಮುದುಕಿ ಎದ್ದು ಕೂತಿದ್ದಳು, ದಬ್ಬೆ ಕಟ್ಟಿದ ಕಾಲಿನ ನೋವೂ ತಿಳಿಯದವಳಂತೆ.

"ಸೂಲಗಿತ್ತಿ ಯಾರಿದ್ರು?"

"ಪುಸ್ತಕದಾಗ ಬರದಿಲ್ಲ ಆಯಿ."

"ಹಂಗಾದ್ರ ಯಾರೂ ಇರಲಿಲ್ಲ. ಊರಂದ ಮ್ಯಾಲೆ ಒಬ್ಬಾಕಿ ಸೂಲಗಿತ್ತಿ ಇರ್ತಾಳ. ಅಕಿ ಬಾಗಲಾ ತಗೀಲಿಲ್ಲ." ಅವಳು ಎಸ್ತೇರವ್ವನ ಕೈ ಹಿಡಿದಳು. "ಆ ತಾಯಿ ಉಳದಳೇನು?"

"ಉಳದಳು ಆಯಿ. ಮಗ ದೊಡ್ಡಾಂವ ಆಗೂತನಕ ಇದ್ದಳು."

"ಪುಣ್ಯಾ" ಎಂದಳು ಫಕೀರವ್ವ. ಮತ್ತೆ, "ಪುಣ್ಯಾ" ಎಂದು ಸೆರಗು ಬಾಯಿಗೆ ಒತ್ತಿಕೊಂಡಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಎಸ್ತೇರವ್ವ ಏನು ತಪ್ಪು ಹೇಳಿದೆನೋ ಎಂದು ಹೆದರಿ ನನ್ನ ಮುಖ ನೋಡಿದಳು. ನನಗೂ ಏನೂ ತಿಳಿಯಲಿಲ್ಲ.

ಮರುದಿನ ಫಕೀರವ್ವ ನನ್ನೊಬ್ಬನನ್ನೇ ಬರಹೇಳಿದಳು. ನಾನು ಕೂತ ಕೂಡಲೇ ಶುರುಮಾಡಿದಳು, ನಡುವೆ ಎಲ್ಲೂ ನಿಲ್ಲಲಿಲ್ಲ. ಹತ್ತಿ ಕಾರ್ಖಾನೆಗೆ ಕೂಲಿಗೆ ಬಂದ ಚಂಪವ್ವ ಎಂಬವಳು ಇದ್ದಳಂತೆ. ಫಕೀರವ್ವನ ಗಂಡ ಅವಳ ಗುಡಿಸಲಿಗೆ ಹೋಗತೊಡಗಿದ. ಫಕೀರವ್ವನಿಗೆ ಮಕ್ಕಳಾಗಿರಲಿಲ್ಲ, ಚಂಪವ್ವ ಬಸಿರಾದಳು. ಒಂದು ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. ತೆರೆದು ನೋಡಿದರೆ ಚಂಪವ್ವ ಚೌಕಟ್ಟು ಹಿಡಿದು ನಿಂತಿದ್ದಳು. ನೀರು ಒಡೆದು ಸೀರೆ ತೊಯ್ದಿತ್ತು. "ಅಕ್ಕಾ" ಎಂದಳು. ಅಷ್ಟೇ ಅಂದದ್ದು.

"ನಾ ಬಾಗಲಾ ಹಾಕಿದೆ ಮಾನಪ್ಪಾ. ಚಿಲಕದ ಮ್ಯಾಲೆ ಕೈ ಇದ್ದಾಂಗನ ಹೊಸ್ತಿಲು ನನ್ನ ಎದೀತನಕ ಬಂತು. ಅಕಿ ಹೋದ ಸಪ್ಪಳ ಕೇಳಿದೆ. ಹೊರಗ ಹೋಗಬೇಕಂದ್ರ ಹತ್ತಾಕ ಬರಲಿಲ್ಲ. ಹತ್ತಾಕ ಬರಲಿಲ್ಲ ಅಂತ ನಲವತ್ತು ವರ್ಷ ನನಗ ನಾನ ಹೇಳಕೋತ ಬಂದೀನಿ. ಕೂಗಬಹುದಿತ್ತು. ಕೂಗಲಿಲ್ಲ. ಮರುದಿನ ನಸುಕಿನ್ಯಾಗ ಕುಂಬಾರರಿಗೆ ಕೂಸು ಸಿಕ್ಕಿತು."

ಆ ಕೂಸು ನನ್ನ ಹೆಂಡತಿ.

"ಆತ ನನ್ನ ಕ್ಷಮಿಸ್ಯಾನ ಅಂತ ಈಗ ನಂಬತೀನಿ" ಎಂದಳು. "ಬಾಗಲಾ ಹಾಕಿಸಿಕೊಂಡಾಕಿ ಹೊಟ್ಟ್ಯಾಗ ಹುಟ್ಟಿದಾಂವ ಆತ. ಬ್ಯಾರೆ ಯಾರರ ಕ್ಷಮಿಸ್ತೀನಿ ಅಂದಿದ್ರ ನಾ ಕೇಳ್ತಿದ್ದಿಲ್ಲ. ಆದ್ರ ನಂಬಿದ ಮ್ಯಾಲೆ ಸುಮ್ನ ಮಲಗಾಕ ಆಗವಲ್ದು. ತುಂಗಾಗ ಹೇಳಬೇಕು. ನಿನ್ನೆ ಸಂಜೀಕ ಅಕಿ ಬಂದಾಗ ಬಾಯಿ ತಗದೆ, ಮಾತ ಬರಲಿಲ್ಲ. ನೀ ಹೇಳು."

"ಬ್ಯಾಡ ಆಯಿ" ಎಂದೆ. "ಸಾಕಿದ ಕುಂಬಾರವ್ವ ಹೋದ ಮ್ಯಾಲೆ ತಾಯಿ ಅಂತ ಇರಾಕಿ ನೀ ಒಬ್ಬಾಕಿ ಅದೀ. ನಿನ್ನೂ ಕಸಗೊಬ್ಯಾಡ ಅಕಿ ಕಡಿಂದ."

"ಸುಳ್ಳ ತಾಯಿನ್ನ ಇಟಗೊಂಡು ಏನ ಮಾಡ್ತಾಳೋ?"

ನಾನು ನಾಲ್ಕು ದಿನ ಹೇಳಲಿಲ್ಲ. ಐದನೆಯ ಬೆಳಿಗ್ಗೆ ತುಂಗವ್ವ ರಂಗೋಲಿ ಬಟ್ಟಲು ಹಿಡಿದು ಹೊಸ್ತಿಲ ಬಳಿ ಕೂತೇ ಕೇಳಿದಳು, "ಒಂದ ಬೆರಳು ಎದ್ದೈತಿ. ನನ್ನ ಕಡಿಂದ ಏನ ಮುಚ್ಚಿಟ್ಟೀರಿ?" ಆಗ ಹೇಳಿದೆ. ಹೇಳುವಾಗ ಅವಳು ಮೊರದಲ್ಲಿ ಜೋಳ ಹಾಕಿಕೊಂಡು ಕೇರತೊಡಗಿದ್ದಳು. ಕಾಳೆಲ್ಲ ಹಾರಿ ಅಂಗಳಕ್ಕೆ ಬಿದ್ದು ಮೊರ ಬರಿದಾದ ಮೇಲೂ ಕೇರುತ್ತಲೇ ಇದ್ದಳು. ಆಮೇಲೆ ಎದ್ದುಬಂದು ನಮ್ಮ ಹೊಸ್ತಿಲು ದಾಟಿ ನನಗೆ, "ಆತು, ಮುಗೀತು" ಎಂದಳು. "ಇದು ನಿಮಗಷ್ಟ. ಅಕಿ ಮಾತು ತಗೀಬ್ಯಾಡ್ರಿ."

ಮೂರು ವಾರ ಅವಳು ಫಕೀರವ್ವನ ಮನೆಯ ಕಡೆ ತಲೆ ಹಾಕಲಿಲ್ಲ. ಆದರೆ ಸಂಜೆಯ ಗಂಜಿ ಒಂದು ದಿನವೂ ತಪ್ಪಲಿಲ್ಲ. ಕುದಿಸಿ, ಉಪ್ಪು ನೋಡಿ, ಮುಚ್ಚಿ, ನನ್ನ ಕೈಗೆ ಕೊಡುತ್ತಿದ್ದಳು. ಹನೋಕಪ್ಪ ಮುದುಕಿಗೆ, ನೀರಲ್ಲಿ ಮುಳುಗಿಸಿ ಸಭೆಗೆ ಸೇರಿಸಿಕೊಳ್ಳುವ ದೀಕ್ಷಾಸ್ನಾನದ ಮಾತು ಎತ್ತಿದಾಗ ಅವಳು "ತುಂಗಾ ಬರೂತನಕ ಬ್ಯಾಡ್ರಿ" ಅಂದಳಂತೆ. ಅದು ತುಂಗವ್ವನ ಕಿವಿಗೆ ಬಿದ್ದು ಅವಳು ಎಸ್ತೇರವ್ವನ ಮನೆಗೇ ಹೋದಳು. ನಾನೂ ಹಿಂದೆ ಹೋದೆ.

"ಅಕಿ ಮೋಕ್ಷ ನನ್ನ ಕೈಯಾಗ ಕೊಟ್ಟು ಕುಂತಾಳೇನು? ನಾ ಬರಲಿಲ್ಲ ಅಂದ್ರ ಪಾಪ ನನಗ ಸುತಗೋಬೇಕೇನು?"

"ಇಲ್ಲ ತಂಗೀ" ಎಂದಳು ಎಸ್ತೇರವ್ವ. "ಅದು ನಿಮ್ಮ ಕೈಯಾಗಿಲ್ಲ. ಆಯಿಗೂ ಅದನ್ನ ಹೇಳೀವಿ. ಅಕಿ ಹಟಮಾರಿ, ಕೇಳಾಂಗಿಲ್ಲ."

"ನಾ ಕ್ಷಮಿಸಲೇಬೇಕೇನು?"

"ಮಾಡ್ರಿ ಅಂತ ನಾ ಯಾವ ಬಾಯೀಲೆ ಹೇಳ್ಲಿ? ತಾಯಿನ್ನ ಕಳಕೊಂಡಾಕಿ ನಾ ಅಲ್ಲ." ಎಸ್ತೇರವ್ವ ಅವಳ ಪಕ್ಕ ಕೂತಳು. "ನಿಮ್ಮ ಸಲುವಾಗಿನೂ ಬೇಡಕೊಳ್ಳಾಕತ್ತೀನಿ. ಅಕಿ ಸಲುವಾಗಿ ಒಂದ ಅಲ್ಲ." ತುಂಗವ್ವ ಚಹಾ ಕುಡಿಯದೆ ಎದ್ದುಬಂದಳು.

ಹೋಳಿಹುಣ್ಣಿಮೆ ಕಳೆದ ಮೂರನೆಯ ದಿನ, ಮಧ್ಯಾಹ್ನದ ಊಟ ಮುಗಿಸಿ ನಾನು ಉಳಿ ಮಸೆಯುತ್ತಿದ್ದೆ. ತುಂಗವ್ವ ಕೈ ತೊಳೆದು ಬಂದು, "ಏಣಿ ಹಿಡೀರಿ ಬರ್ರಿ" ಎಂದಳು. ಅಷ್ಟೇ. ಫಕೀರವ್ವನ ಮನೆಯ ಮುಂದೆ ನಾನು ಏಣಿ ಒತ್ತಿ ಹಿಡಿದೆ. ಅವಳು ಹತ್ತಿದಳು. ಒಳಗಿನ ಏಣಿ ಇಳಿಯಲಿಲ್ಲ. ಹೊಸ್ತಿಲ ಮೇಲೆಯೇ ಕೂತಳು, ಕಾಲು ಒಳಗೆ ಇಳಿಬಿಟ್ಟು, ಬೆನ್ನು ನನಗೆ ಮಾಡಿ.

ಒಳಗೆ ಮುದುಕಿ ಎಚ್ಚರವಾಗಿದ್ದಳು. ಬೀದಿಯಲ್ಲಿ ಒಂದು ಎಮ್ಮೆ ಹಾದುಹೋಯಿತು.

"ಕುಂಬಾರವ್ವ ನೋಡೂದ್ರಾಗ ಹೆತ್ತಾಕಿ ಮುಖಾ ಮುಚ್ಚಿದ್ರಂತ" ಎಂದಳು ತುಂಗವ್ವ. "ಊರಾಗ ಯಾರಿಗೂ ನೆಪ್ಪಿಲ್ಲ. ನೀ ನೋಡೀಯಲ್ಲ. ಹೆಂಗಿದ್ದಳು ನಮ್ಮವ್ವ?"

ಫಕೀರವ್ವ ಗೋಡೆಯ ಹಿಡಿಕೆ ಹಿಡಿದು ಎದ್ದು ಕೂತಳು. "ಗಿಡ್ಡಾಕಿ" ಎಂದಳು. "ನಿನಗಿಂತ ಗಿಡ್ಡಾಕಿ. ಬಣ್ಣ ನಿಂದ. ಹಣಿಮ್ಯಾಲೆ ಗುಂಗುರು ಕೂದಲಾ ಬೆವತು ಅಂಟಿದ್ವು. ಮುಂದಿನ ಎರಡ ಹಲ್ಲಿನ ನಡುವ ಸಂದು ಇತ್ತು, ನಿನ್ನ ನಡವಲ ಮಗಳಿಗೆ ಐತಲ್ಲ, ಹಂಗ. ಎಡಗೈಲೆ ಚೌಕಟ್ಟು ಹಿಡದಿದ್ದಳು. ಒಂದ ಕ್ಷಣ ನೋಡೀನಿ ಅಷ್ಟ. ಆದ್ರ ದಿನಾ ನೋಡೀನಿ ಯವ್ವಾ, ನಲವತ್ತು ವರ್ಷ ದಿನಾ. ಒಂದೂ ಮರ್ತಿಲ್ಲ."

ತುಂಗವ್ವ ಒಂದಾದ ಮೇಲೊಂದು ಕೇಳತೊಡಗಿದಳು. ದನಿ ಹೆಂಗಿತ್ತು, ಮೂಗುತಿ ಇತ್ತೋ ಇಲ್ಲೋ, ಸೀರೆ ಯಾವ ಬಣ್ಣದ್ದು, ವಯಸ್ಸು ಎಷ್ಟಿರಬಹುದು. ಪ್ರತಿಯೊಂದಕ್ಕೂ ಒಳಗಿನಿಂದ ಉತ್ತರ ಬರುತ್ತಿತ್ತು, ಎದುರಿಗಿಟ್ಟುಕೊಂಡು ನೋಡಿ ಹೇಳಿದಂತೆ. ಅಷ್ಟರಲ್ಲಿ ನನ್ನ ಕೈಯಲ್ಲಿದ್ದ ಏಣಿ ಸರಕ್ಕನೆ ಜಾರಿತು. ಬೀಳುತ್ತಿದೆಯೆಂದು ಬಿಗಿಯಾಗಿ ಹಿಡಿದೆ. ಏಣಿ ಜಾರಿದ್ದಲ್ಲ, ಅದು ಒರಗಿದ್ದ ಹೊಸ್ತಿಲೇ ಇಳಿಯುತ್ತಿತ್ತು, ಮೇಲೆ ಕೂತಿದ್ದ ನನ್ನ ಹೆಂಡತಿಯ ಸಮೇತ. 'ಆತು, ಮುಗೀತು' ಎಂದು ಅವಳು ಅಂದಿರಲಿಲ್ಲ. ನಾನು ಅಲ್ಲೇ ಇದ್ದೆ, ಅಂದಿರಲಿಲ್ಲ. ಹೊಸ್ತಿಲು ಮೊಣಕಾಲಮಟ್ಟಕ್ಕೆ ಬಂದು ನಿಂತಿತು. ಅದಕ್ಕಿಂತ ಕೆಳಗೆ ಅದು ಯಾವತ್ತೂ ಇಳಿಯಲಿಲ್ಲ. ಉಳಿದದ್ದು ಚಂಪವ್ವನದು ಎಂದು ಫಕೀರವ್ವ ಹೇಳುತ್ತಿದ್ದಳು, ಅದನ್ನು ಆ ಕಡೆ ಹೋದ ಮೇಲೆ ಮುಖಾಮುಖಿ ಕೇಳುತ್ತೇನೆ, ಸ್ವಾಮಿ ಜೊತೆಗಿರುತ್ತಾನೆ, ಹೆದರಿಕೆಯಿಲ್ಲ ಎನ್ನುತ್ತಿದ್ದಳು. ಬೇಸಿಗೆಯಲ್ಲಿ ಅವಳು ಕೋಲೂರಿಕೊಂಡು ಆ ಹೊಸ್ತಿಲು ದಾಟಿ ಹೊರಗೆ ಬಂದಳು, ಕೆರೆಯಲ್ಲಿ ದೀಕ್ಷಾಸ್ನಾನ ಮಾಡಿಸಿಕೊಂಡಳು, ನೀರು ತಣ್ಣಗಿದೆ ಎಂದು ಹನೋಕಪ್ಪನನ್ನು ಬೈದಳು. ತುಂಗವ್ವ ಸಭೆಗೆ ಹೋಗಲಿಲ್ಲ, ದಂಡೆಯಲ್ಲಿ ಒಣಸೀರೆ ಹಿಡಿದು ನಿಂತಿದ್ದಳು.

ಅದೆಲ್ಲ ಆಮೇಲಿನದು. ಆ ಮಧ್ಯಾಹ್ನ ಅವರಿಬ್ಬರಿಗೂ ಹೊಸ್ತಿಲು ಇಳಿದದ್ದೇ ಗೊತ್ತಾಗಲಿಲ್ಲ. ತುಂಗವ್ವ ಎದ್ದು ಒಳಗೆ ಹೋಗಿ ಹಾಸಿಗೆಯ ಪಕ್ಕ ಕೂತಿದ್ದಳು. ನಾನು ಏಣಿಯನ್ನು ಗೋಡೆಗೆ ಮಲಗಿಸಿದೆ.

"ಕೈಯಾಗ ಹಸರ ಬಳಿ ಅಂದೀ" ಎನ್ನುತ್ತಿದ್ದಳು ನನ್ನ ಹೆಂಡತಿ. "ಗಾಜಿನವೋ, ಅರಗಿನವೋ?"

"ಗಾಜಿನವು" ಎಂದಳು ಫಕೀರವ್ವ. "ಎರಡ ಒಡದಿದ್ವು."